ಅವಧಿ: ಸೊನ್ನೆ

ಕೂತುಕೊಳ್ಳಿ ಸಾರ್, ಮೊದಲು ನೀರು ಕುಡಿಯಿರಿ.
ಪ್ರಾಯಾದಿಂದ ಬ್ರಾವಾ ದ್ವೀಪಕ್ಕೆ ದೋಣಿಯಲ್ಲಿ ಬಂದವರೆಲ್ಲ
ಮೊದಲ ಅರ್ಧ ಗಂಟೆ ಹೀಗೇ, ಮುಖ ಹಸಿರು.
ನಿಮ್ಮ ಫೈಲು ಒದ್ದೆಯಾಗಿದೆ, ಕಿಟಕಿಗೆ ಒಣಹಾಕುತ್ತೇನೆ.

ಏನು ಕೇಳಿದಿರಿ?
ಇಲ್ಲಿಯ ಕರೆಗಳೇಕೆ ಸರಾಸರಿ ನಲವತ್ತೊಂದೇ ಸೆಕೆಂಡು,
ಜನಕ್ಕೆ ಮಾತು ಬರುವುದಿಲ್ಲವೇ ಎಂದೇ?

ಸಂಜೆ ನಲ್ಲಿಯ ಹತ್ತಿರ ನಿಂತು ನೋಡಿ.
ಒಂದು ಡಬ್ಬ ನೀರು ತುಂಬುವಷ್ಟರಲ್ಲಿ ಮೂರು ಮದುವೆ ಮುರಿದು
ನಾಲ್ಕು ಕೂಡಿಸುತ್ತಾರೆ ನಮ್ಮ ಹೆಂಗಸರು.
ಮಾತಿಗೆ ಬರವಿಲ್ಲ. ಮೀಟರಿಗಿದೆ ಹಸಿವು.

ಹದಿನೇಳು ವರ್ಷ ಈ ಗಾಜಿನ ಹಿಂದೆ ಕೂತಿದ್ದೇನೆ.
ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ
ಸಮುದ್ರಕ್ಕೊಂದೇ ತಂತಿ, ತಂತಿಗೊಂದೇ ಕಂಪನಿ,
ಆಡಿದ್ದೇ ಆಟ, ಹೂಡಿದ್ದೇ ಲಗ್ಗೆ.
ಜನ ಮಾತನ್ನು ಮನೆಯಲ್ಲೇ ಆರಿಸಿಕೊಂಡು ಬರುತ್ತಾರೆ,
ಜೋಳದಿಂದ ಕಲ್ಲು ಆರಿಸಿದ ಹಾಗೆ.
ಮೊದಲು ಹೋಗುವುದು 'ಹೇಗಿದ್ದೀಯ',
ಆಮೇಲೆ ಹೆಸರು, ಆಮೇಲೆ ಕ್ರಿಯಾಪದ.
ಮುದುಕ ತೊಲೆಂತೀನು ಬ್ರಾಕ್ಟನ್ನಿನ ತಮ್ಮನಿಗೆ ಹೇಳಿದ್ದು ಇಷ್ಟೇ:
"ಸೂರು. ಗಾಳಿ. ಇನ್ನೂರು."
ಇಟ್ಟ. ಹಣ ಬಂತು. ಸೂರೂ ಬಂತು.
ಅಳಬೇಕೆಂದಿದ್ದನೋ ಏನೋ,
ದರಪಟ್ಟಿಯಲ್ಲಿ ಅದಕ್ಕೆ ರಿಯಾಯಿತಿ ಇಲ್ಲ.

ಬೆರ್ನಾರ್ದಾಳದ್ದನ್ನೂ ಬರೆದುಕೊಳ್ಳಿ.
ಮಗಳು ಬಾಸ್ಟನ್ನಿನ ಆಸ್ಪತ್ರೆಯಲ್ಲಿ. ಈಕೆ ಕರೆ ಮಾಡಿದಳು.
ಯಾವಳೋ ಇಂಗ್ಲಿಷಿನಲ್ಲಿ ಕಾಯಿರಿ ಅಂದು ಪಿಟೀಲು ಹಚ್ಚಿದಳು.
ಹನ್ನೊಂದು ನಿಮಿಷ ಪಿಟೀಲು.
ರಿಸೀವರನ್ನು ತುಂಬಿದ ಬಟ್ಟಲಿನ ಹಾಗೆ
ಎರಡೂ ಕೈಯಲ್ಲಿ ಹಿಡಿದು ಅಲ್ಲಾಡದೆ ನಿಂತಳು.
ನಾನು ಗಾಜಿನಾಚೆಯಿಂದ ಸನ್ನೆ ಮಾಡಿದೆ: ಇಡು, ಇಡು.
ಇಡಲಿಲ್ಲ.
ಮರುದಿನ ಹಾಲು ಕರೆಯುವ ಮೇಕೆ ಮಾರಿ ಬಾಕಿ ಕಟ್ಟಿದಳು.
ಆ ರಾಗ ಅವಳಿಗೆ ಈಗಲೂ ಬಾಯಿಪಾಠ,
ಬಟ್ಟೆ ಒಗೆಯುವಾಗ ಗುನುಗುತ್ತಾಳೆ.
ಮೇಕೆಯ ರಾಗ ಅನ್ನುತ್ತೇವೆ ನಾವು.
ಮಗಳು ಬದುಕಿದಳು, ಹೆದರಬೇಡಿ.

ಎರಡನೇ ಕಂಪನಿಯೇ?
ಬಂತಲ್ಲ ಸಾರ್, ಗುಡ್ಡದ ಮೇಲೆ ಕಂಬ ನೆಟ್ಟು,
ಬ್ಯಾಂಡು ಊದಿಸಿ, ಮಕ್ಕಳಿಗೆ ಕಿತ್ತಳೆ ಟೋಪಿ ಹಂಚಿತು.
ಪೈಪೋಟಿ ಬಂತು ಅಂದರು. ನಾವೂ ನಂಬಿ
ಕಬ್ಬಿನ ಸಾರಾಯಿ ಸುರಿದುಕೊಂಡೆವು.
ರಾತ್ರಿ ಎರಡೂ ದರಪಟ್ಟಿ ಪಕ್ಕಪಕ್ಕ ಹಿಡಿದು ನೋಡಿದೆ.
ವ್ಯತ್ಯಾಸ ಅರ್ಧ ಎಸ್ಕುದು.
ಎರಡು ಬೆಕ್ಕು ಒಂದೇ ಮೀನಿನ ಎರಡು ತುದಿ ಕಚ್ಚಿದರೆ
ಅದು ಪೈಪೋಟಿಯೋ ಅಲ್ಲವೋ
ಮೀನನ್ನು ಕೇಳಬೇಕು.
ಟೋಪಿ ಮಾತ್ರ ಚೆನ್ನಾಗಿದೆ. ಮಂಜಿನಲ್ಲೂ ಹುಡುಗರು ಕಾಣುತ್ತಾರೆ.

ಸರಿ, ಕೆಲಸ ಹೋದರೆ ಹೋಗಲಿ, ಹೇಳಿಬಿಡುತ್ತೇನೆ.
ಒಂದು ರಿಂಗಿಗೆ ನಿಂತರೆ, ತಲುಪಿದೆ ಅಂತ.
ಎರಡಕ್ಕೆ ನಿಂತರೆ ಹಣ ಕಳಿಸಿದ್ದಾರೆ.
ಮೂರಾದರೆ ಹೆರಿಗೆ ಆಯಿತು, ಇಬ್ಬರೂ ಕ್ಷೇಮ.
ನಾಲ್ಕಾದರೆ ಎತ್ತಬೇಕು, ಎಷ್ಟು ಖರ್ಚಾದರೂ ಆಗಲಿ;
ನಾಲ್ಕನೆಯದನ್ನು ಯಾರೂ ಸುಮ್ಮನೆ ಬಾರಿಸುವುದಿಲ್ಲ.
ನಿಮ್ಮ ಮೀಟರು ಎಣಿಸತೊಡಗುವುದು ಎತ್ತಿದ ಮೇಲೆ ತಾನೇ?
ಅಷ್ಟರಲ್ಲಿ ನಮ್ಮ ಮಾತು ಮುಗಿದಿರುತ್ತದೆ.

ಕೇಳಿಸಿತೇ?
ಬೇಡ ಸಾರ್, ಕೈ ತೆಗೆಯಿರಿ, ಎತ್ತಬೇಡಿ.
ಎರಡು.
ಮಿಂದೆಲೂದಲ್ಲಿ ಮಗಳಿರುವ ಇದಲೀನಾ
ಬೆಳಗಿನಿಂದ ಆ ಬೆಂಚಿನ ಮೇಲೇ ಇದ್ದಾಳೆ, ನೋಡಿ,
ಹೆಣೆಯುವ ಸೂಜಿ ನಿಂತಿದೆ.
ಮೂರು.

ಇನ್ನೂ ಉಸಿರು ಬಿಡಬೇಡಿ.

ನಿಂತಿತು.

ಬರೆದುಕೊಳ್ಳಿ: ಅವಧಿ ಸೊನ್ನೆ, ಆದಾಯ ಸೊನ್ನೆ.
ಪೆನ್ನು ಅಲ್ಲೇ ಇದೆ.
ನಾನು ಒಂದು ಗಳಿಗೆ ಹೊರಗೆ ಹೋಗಿಬರುತ್ತೇನೆ,
ಅವಳಿಗೆ ಕಾಲು ನಿಲ್ಲುತ್ತಿಲ್ಲ.